ಖಾಲಿ ಡಬ್ಬ ಕಳಿಸಬಾರದು

ಸಗಮಿಹಾರಾ
ಏಪ್ರಿಲ್ 4, 2021

ಅಪ್ಪನಿಗೆ ನಮಸ್ಕಾರ.

ಮೈಸೂರಿಗೆ ಹೊರಡುವ ದಿನ ಅಮ್ಮ ಹಾಕಿದ ಶಾಸನ ನಿಮಗೂ ನೆನಪಿರಬೇಕು. "ಫೋನ್ ಹಿಡಿದ್ರೆ ಅಪ್ಪ ಮಗಳು ಕಚ್ಚಾಡ್ತೀರ. ನಮ್ ತಂಗಿ ಲೀಲಾ ಮಂಡಿ ಆಪರೇಷನ್ ಮುಗಿಸಿ ನಾನು ವಾಪಸ್ ಬರೋವರೆಗೂ ಕಾಗದ ಬರ್ಕೊಳಿ. ಕನ್ನಡದಲ್ಲೇ. ಕಾಗದದಲ್ಲಿ ಅರಚಕ್ಕಾಗಲ್ಲ." ಒಂಬತ್ತು ವರ್ಷಕ್ಕೆ ಜಪಾನಿಗೆ ಬಂದ ನನಗೆ ಪ್ರತಿ ಭಾನುವಾರ ಕಾಗುಣಿತ ತಿದ್ದಿಸಿದ್ದು ಇದಕ್ಕೇ ಇರಬೇಕು. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜನವರಿಯಲ್ಲಿ ನೀವು ಫೋನಿನಲ್ಲಿ ಕೇಳಿದಿರಿ: "ಹುಡುಗರಿಗೆ ನೀರು ಹೊರೋಕೆ ನಿನ್ನ ಯೂನಿವರ್ಸಿಟಿಗೆ ಸೇರಿಸಿದ್ನಾ?" ನಾನು ಉತ್ತರ ಕೊಡದೆ ಫೋನ್ ಇಟ್ಟೆ. ಈಗ ಕೊಡುತ್ತೇನೆ. ಇಲ್ಲಿ ಕಾಲೇಜು ಟೀಮುಗಳಲ್ಲಿ ಮ್ಯಾನೇಜರ್ ಅಂದರೆ ಕುರ್ಚಿಯಲ್ಲಿ ಕೂರುವವಳಲ್ಲ. ನೀರು, ಬ್ಯಾಂಡೇಜು, ವಿಡಿಯೋ ಎಲ್ಲಾ ಅವಳದೇ. ನೀರು ಹೊರುವುದೂ ಸಸಾರದ ಕೆಲಸವಲ್ಲ. ಬಾಟಲಿ ಎತ್ತಿದ ಕೂಡಲೇ ಯಾರು ಕುಡಿದಿಲ್ಲ ಅಂತ ಕೈಗೆ ಗೊತ್ತಾಗಬೇಕು. ಕುಡಿಯದವನು ಆಟದ ಕೊನೆಗೆ ಮೀನಖಂಡ ಹಿಡಿದುಕೊಂಡು ಬೀಳುತ್ತಾನೆ. ನಮ್ಮಲ್ಲಿ ಹಯಾಸಾಕಾ ಅಂತ ಒಬ್ಬ ಆನೆ ಗಾತ್ರದ ಹುಡುಗ ಇದ್ದಾನೆ. ಬಾತ್‌ರೂಮಿಗೆ ಹೋದರೆ ಅಷ್ಟೆಲ್ಲ ಕವಚ ಬಿಚ್ಚಬೇಕಲ್ಲ ಅಂತ ನೀರು ಮುಟ್ಟುವುದೇ ಇಲ್ಲ. ಅವನ ಹಿಂದೆ ಬಿದ್ದು ಕುಡಿಸುವುದು ಒಂದು ಪುಟ್ಟ ಮಗುವಿಗೆ ಊಟ ಮಾಡಿಸಿದಷ್ಟೇ ಕಷ್ಟ.

ಈಗ ಸುದ್ದಿ. ನಮ್ಮ ಅಮೆರಿಕನ್ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಹೆಡ್ ಕೋಚ್ ಬಂದಿದ್ದಾರೆ. ಹಳಬರು ಕೊರೊನಾ ಕಾಟ ಸಾಕಪ್ಪಾ ಅಂತ ಬಿಟ್ಟು ಹೋದರು. ಹೊಸಬರ ಹೆಸರು ಮಿಯಾಗಾವಾ ಸಾನ್, ಇದೇ ಕ್ಲಬ್ಬಿನ ಹಳೇ ಆಟಗಾರ. ವಾರವೆಲ್ಲಾ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾರೆ, ಸಂಜೆ ಮತ್ತು ಭಾನುವಾರ ನಮಗೆ. ಮೊದಲ ದಿನ ಎಲ್ಲರನ್ನೂ ನಿಲ್ಲಿಸಿ, "ಹೊರಡುವ ಮುಂಚೆ ಕನ್ನಡಿ ನೋಡಿ, ಆಮೇಲೆ ಹಿಂದೆ ನೋಡಿ, ಆಮೇಲೆ ಇಂಡಿಕೇಟರ್ ಹಾಕಿ" ಅಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಉಳಿದಿರುವವರು ಹದಿಮೂರೇ ಜನ. ಆಡಲು ಹನ್ನೊಂದು ಜನ ಬೇಕು. ಯೂನಿವರ್ಸಿಟಿಯವರು ಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಶರತ್ಕಾಲದ ಮೂರು ಪಂದ್ಯಗಳನ್ನು ಪೂರ್ತಿ ಆಡಿ ಮುಗಿಸಬೇಕು. ಜನ ಸಾಲದೆ ಒಂದೇ ಒಂದು ಪಂದ್ಯ ಅರ್ಧಕ್ಕೆ ನಿಂತರೂ ಕ್ಲಬ್ ಮುಚ್ಚುತ್ತದೆ, ಮೈದಾನ ಟೆನಿಸ್ಸಿನವರ ಪಾಲು. ಗೆಲ್ಲಿ ಅಂತ ಯಾರೂ ಕೇಳಿಲ್ಲ. ಮುಗಿಸಿ ಅಂತ ಕೇಳಿದ್ದಾರೆ. ನಾನು ಇದನ್ನು ಮುಗಿಸಬೇಕು ಅಪ್ಪಾ.

ಅನ್ನದ ಜೊತೆ ಏನಾದರೂ ಬೇಯಿಸಿಕೊಳ್ಳುತ್ತಿದ್ದೀರಾ, ಅಥವಾ ಮೂರು ಹೊತ್ತೂ ಕೊಂಬಿನಿ ಅಂಗಡಿ ಬ್ರೆಡ್ಡೇನಾ?

ನಿಮ್ಮ
ಸಿಂಧೂರಾ

ಕರಿಯಾ
ಏಪ್ರಿಲ್ 12, 2021

ಚಿ. ಸಿಂಧೂಗೆ ಆಶೀರ್ವಾದ.

ಕಾಗದ ಬಂತು. ಕೋಳಿ ಪರವಾಗಿಲ್ಲ, ಚೆನ್ನಾಗಿ ಕೆದಕಿದೆ.

ನಿನ್ನ ಆಟದ ವಿಡಿಯೋ ಒಂದನ್ನು ಭಾನುವಾರ ಪೂರ್ತಿ ನೋಡಿದೆ. ಫುಟ್‌ಬಾಲ್ ಅಂತ ಹೆಸರು, ಚೆಂಡನ್ನು ಒದೆಯುವುದು ಹಬ್ಬಕ್ಕೊಮ್ಮೆ. ನಾಲ್ಕು ಸೆಕೆಂಡು ಗುದ್ದಾಡುತ್ತಾರೆ, ಆಮೇಲೆ ಪಂಚಾಯಿತಿ ಸೇರುತ್ತಾರೆ, ಮತ್ತೆ ನಾಲ್ಕು ಸೆಕೆಂಡು. ಎದುರಿನವನನ್ನು ತಪ್ಪಿಸಿಕೊಂಡು ಗೆರೆ ದಾಟಬೇಕು, ಅವನು ಹಿಡಿದು ಕೆಡವಬೇಕು. ಇದು ಕಬಡ್ಡಿ ಕಣಮ್ಮ. ನಮ್ಮ ಕಬಡ್ಡಿಗೆ ಹೆಲ್ಮೆಟ್ ಹಾಕಿ, ಕೈಗೆ ಒಂದು ಚೆಂಡು ಕೊಟ್ಟು, ಉಸಿರು ಬಿಡಲು ಪರ್ಮಿಷನ್ ಕೊಟ್ಟಿದ್ದಾರೆ. ಮೈಸೂರಿನಲ್ಲಿ ರಮಾಕಾಂತ ಮೇಷ್ಟ್ರ ಕೈಕೆಳಗೆ ಐದು ವರ್ಷ ಮಣ್ಣು ತಿಂದವನು ಹೇಳುತ್ತಿದ್ದೇನೆ, ಬರೆದಿಟ್ಟುಕೋ.

ಒಂದು ಒಪ್ಪಂದ ಮಾಡಿಕೊಳ್ಳೋಣ. ನಿನ್ನ ಕ್ಲಬ್ ಅರ್ಧದಲ್ಲಿ ನಿಂತರೆ ನೀನು ಮರುಮಾತಾಡದೆ ಕರಿಯಾಕ್ಕೆ ಬರಬೇಕು. ಪಾಠ ಹೇಗೂ ಆನ್‌ಲೈನಿನಲ್ಲೇ ಇದೆ, ಇಲ್ಲಿ ಕೂತು ಓದು. ಮೂರೂ ಪಂದ್ಯ ಮುಗಿದರೆ, ಕ್ಲಬ್ ಬಿಡು ಅಂತ ನಾನು ಇನ್ನು ಬಾಯಿ ಬಿಡುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ನಾನು ಹೇಳಿದ್ದು ಹೇಳಿದ್ದೇ. ವಿದ್ಯೆ ಕಲಿಯಲು ಹೋದವಳು ಬಾಟಲಿ ತೂಕ ನೋಡುತ್ತಾ ಕೂರುವುದು ನನಗೆ ಸರಿ ಕಾಣುವುದಿಲ್ಲ.

ಫ್ಯಾಕ್ಟರಿಯವರು ನಮ್ಮ ಡಿಸೈನ್ ವಿಭಾಗಕ್ಕೆ ಮನೆಯಿಂದಲೇ ಕೆಲಸ ಅಂದಿದ್ದಾರೆ. ಬಿಡುವು ಇದೆ ಅಂತ ಕೋಡುಬಳೆ ಮಾಡಿದೆ. ಅಮ್ಮನ ಸ್ಟೀಲ್ ಡಬ್ಬದಲ್ಲಿ ಕಳಿಸಿದ್ದೇನೆ, ನಿನ್ನ ಹದಿಮೂರು ಜನಕ್ಕೂ ಕೊಡು. ಡಬ್ಬ ಜೋಪಾನ. ಅದು ಅವಳ ತವರಿನದು, ಕಳೆದರೆ ಇಬ್ಬರಿಗೂ ಮನೆಯಲ್ಲಿ ಜಾಗವಿಲ್ಲ.

ನಿನ್ನ ಅಪ್ಪ
ಭೀಮಸೇನ

ಸಗಮಿಹಾರಾ
ಏಪ್ರಿಲ್ 29, 2021

ಅಪ್ಪನಿಗೆ ನಮಸ್ಕಾರ.

ಒಪ್ಪಂದಕ್ಕೆ ಒಪ್ಪಿದೆ. ಬೆವರು ಮಾತ್ರ ಈಗಲೇ ಬರುತ್ತಿದೆ.

ಕೋಡುಬಳೆ ಬಗ್ಗೆ ನಿಜ ಹೇಳಲೋ, ಮಗಳಾಗಿ ಹೇಳಲೋ? ಹುಡುಗರು ಒಂದೊಂದನ್ನು ಬಾಯಿಗೆ ಹಾಕಿದರು, ಟೊಗಾಶಿ ಅನ್ನುವವನು ಹಲ್ಲು ಮುರಿದೀತು ಅಂತ ಮೌತ್‌ಗಾರ್ಡ್ ತೆಗೆದು ಮತ್ತೆ ಹಾಕಿಕೊಂಡ. ಆದರೂ ಡಬ್ಬ ಖಾಲಿ. ಹಯಾಸಾಕಾ ತಳದ ಪುಡಿಯನ್ನು ಅನ್ನದ ಉಂಡೆಗೆ ಸವರಿಕೊಂಡು ತಿಂದ.

ಆಮೇಲೆ ಒಂದು ಎಡವಟ್ಟು ಆಗಿದೆ. ನಾನು ಡಬ್ಬ ತೊಳೆಯುತ್ತಿದ್ದೆ. ಕೋಚ್ ಬಂದು, "ಇದನ್ನು ನಿಮ್ಮ ತಂದೆಗೆ ನಾನೇ ಕಳಿಸುತ್ತೇನೆ" ಅಂದರು. ನಮ್ಮ ಮನೆಯಲ್ಲಿ ಡಬ್ಬ ಖಾಲಿ ವಾಪಸ್ ಕಳಿಸುವುದಿಲ್ಲ ಸಾರ್, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ ಅಂತ ಮಾತಿನ ಭರದಲ್ಲಿ ಹೇಳಿಬಿಟ್ಟೆ. ಅವರ ಮುಖ ಗಂಭೀರವಾಯಿತು. ಇಲ್ಲಿ ಉಡುಗೊರೆ ಬಂದರೆ ಪ್ರತಿಯಾಗಿ ಉಡುಗೊರೆ ಕೊಡಲೇಬೇಕು ಅಂತ ಮೊದಲೇ ಪದ್ಧತಿ. ಈಗ ಅದರ ಮೇಲೆ ನಮ್ಮದೂ ಸೇರಿತು. ಅವರು ಅಕ್ಕಿ ಹಪ್ಪಳದಂಥ ಸೆಂಬೆ ತುಂಬಿ ಕಳಿಸಿದ್ದಾರೆ. ಹದಿಮೂರು ಹುಡುಗರೂ ನಿಮಗೆ ಒಂದೊಂದು ಕಾರ್ಡು ಬರೆದಿದ್ದಾರೆ. ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ನೀವು ಮತ್ತೆ ತುಂಬಿ ಕಳಿಸಿದರೆ ಅವರು ಮತ್ತೆ ತುಂಬುತ್ತಾರೆ, ಇದಕ್ಕೆ ಕೊನೆ ಇರುವುದಿಲ್ಲ.

ಇನ್ನೊಂದು ವಿಷಯ ಕೇಳಿ ನಿಮಗೆ ಖುಷಿಯಾಗಬಹುದು. ಕೊರೊನಾ ನಿಯಮದಂತೆ ಅಭ್ಯಾಸದಲ್ಲಿ ಅವರವರ ಬಾಟಲಿ ಅವರವರೇ ತರಬೇಕು. ನನ್ನ ನೀರಿನ ಕೆಲಸ ಹೋಯಿತು. ಕೋಚ್ ಕೇಳಿದರು: "ಸಿಂಧು ಸಾನ್, ನಮ್ಮ ಟೀಮಿನಲ್ಲಿ ಬರಿಗೈಯಲ್ಲಿ ನಿಲ್ಲುವವರು ಇಲ್ಲ. ನೀವು ಏನು ಮಾಡುತ್ತೀರಿ?" ಎದುರಾಳಿಗಳ ಹಳೇ ಪಂದ್ಯಗಳ ವಿಡಿಯೋ ನೋಡಿ, ಯಾವಾಗ ಏನು ಆಡುತ್ತಾರೆ ಅಂತ ಹೇಳಬಲ್ಲೆ ಅಂದೆ. "ಹಾಗಾದರೆ ನೀವು ನಮ್ಮ ಕನ್ನಡಿ" ಅಂದರು. ಇನ್ನು ಮೇಲೆ ಪಂದ್ಯದಲ್ಲಿ ಅವರ ಪಕ್ಕ ನಿಂತು ಮುಂದಿನ ಆಟ ಯಾವುದು ಅಂತ ಹೇಳುವವಳು ನಾನು. ಅವತ್ತು ಹಾಸ್ಟೆಲಿನವರೆಗೂ ಸೈಕಲ್ ಮೇಲೆ ಹಾಡಿಕೊಂಡು ಬಂದೆ.

ಸಿಂಧೂರಾ

ಕರಿಯಾ
ಮೇ 8, 2021

ಚಿ. ಸಿಂಧೂಗೆ ಆಶೀರ್ವಾದ.

ಸೆಂಬೆ ತಲುಪಿತು. ಕೋಡುಬಳೆ ಗಟ್ಟಿ ಅಂದವರು ಮೊದಲು ಇದನ್ನು ಕಚ್ಚಿ ನೋಡಲಿ.

ಇಲ್ಲಿಗೆ ನಿಲ್ಲಿಸಿ ಅಂತ ಬರೆದಿದ್ದೀಯ. ಹೇಗೆ ನಿಲ್ಲಿಸುವುದು? ತವರಿನ ಡಬ್ಬ ತುಂಬಿ ಬಂದಿದೆ, ಖಾಲಿ ಇಟ್ಟುಕೊಂಡರೆ ನಾನು ಏನು ಮನುಷ್ಯ? ಚಟ್ನಿಪುಡಿ ಮತ್ತು ಹುರಿಗಡಲೆ ಉಂಡೆ ಕಳಿಸಿದೆ. ಮೂರೇ ದಿನದಲ್ಲಿ ನಿನ್ನ ಕೋಚ್ ಉಮೆಬೋಶಿ ತುಂಬಿ ವಾಪಸ್ ಕಳಿಸಿದರು. ನಮ್ಮ ನಿಂಬೆ ಉಪ್ಪಿನಕಾಯಿಗೆ ದೂರದ ನೆಂಟ ಅದು, ಖಾರ ಮಾತ್ರ ಮನೆ ಬಿಟ್ಟು ಓಡಿಹೋಗಿದೆ. ಡಬ್ಬದ ಜೊತೆ ಒಂದು ಚೀಟಿ: "ಭೀಮಸೇನ ಸಾನ್, ರಸ್ತೆಯಲ್ಲಿ ಎದುರು ಬದುರು ಬಂದ ಎರಡು ಕಾರುಗಳು 'ನೀವು ಮೊದಲು, ನೀವು ಮೊದಲು' ಅಂತ ನಿಂತುಬಿಟ್ಟರೆ ಸಂಜೆಯಾಗುತ್ತದೆ. ಆದರೂ ನೀವು ಮೊದಲು." ಒಳ್ಳೇ ಮನುಷ್ಯ ಕಣೆ. ಡಬ್ಬಕ್ಕೆ ಏನು ಹಾಕುವುದು ಅಂತ ಯೋಚಿಸುತ್ತಿದ್ದೇನೆ.

ನೀರಿನ ಕೆಲಸ ಹೋಯಿತು ಅಂತ ಓದಿ ಆ ಉಂಡೆಗಳಲ್ಲಿ ಒಂದನ್ನು ಹೆಚ್ಚಿಗೆ ತಿಂದೆ. ಕನ್ನಡಿಯ ಕೆಲಸ ಗೌರವದ್ದು.

ಊರಿನ ಸುದ್ದಿ ಚೆನ್ನಾಗಿಲ್ಲ. ಅಲ್ಲಿಂದ ಬರುವವರಿಗೆ ಇಲ್ಲಿ ಬಾಗಿಲು ಹಾಕುತ್ತಾರಂತೆ, ಅಮ್ಮ ಬರುವುದು ತಡವಾಗುತ್ತದೆ. ಅವಳೂ ಲೀಲಾನೂ ಮನೆ ಒಳಗೇ ಇದ್ದಾರೆ, ಕ್ಷೇಮ. ನೀನು ಮಾಸ್ಕ್ ತೆಗೆಯಬೇಡ.

ಅಪ್ಪ

ಸಗಮಿಹಾರಾ
ಜೂನ್ 20, 2021

ಅಪ್ಪನಿಗೆ ನಮಸ್ಕಾರ.

ನಾನು ಎರಡು ಕಾಗದ ಹಾಕಿದೆ, ನಿಮ್ಮದು ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ರಮಾಕಾಂತ ಮೇಷ್ಟ್ರು ಹೋದ ಸುದ್ದಿ ಅವಳು ಹೇಳಿದಳು. ಆಸ್ಪತ್ರೆಯಲ್ಲಿ ಕೊನೆಗೆ ಯಾರನ್ನೂ ಒಳಗೆ ಬಿಡಲಿಲ್ಲವಂತೆ. ನೀವು ದಿನಾ ಬೆಳಿಗ್ಗೆ ಅವರ ಮನೆಗೆ ಫೋನ್ ಮಾಡುತ್ತಿದ್ದಿರಂತೆ. ನನಗೆ ಒಂದು ಮಾತು ಹೇಳಲಿಲ್ಲ.

ಬೈಯುತ್ತಿಲ್ಲ ಅಪ್ಪಾ. ನನಗೆ ಅವರು ಗೊತ್ತಿದ್ದದ್ದು ನಿಮ್ಮ ಮೊಣಕಾಲಿನ ಗಾಯದ ಗುರುತಿನಿಂದ ಮಾತ್ರ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಕಥೆ ಕೇಳುತ್ತಿದ್ದೆ. ನಿಮಗೆ ಬರೆಯಬೇಕು ಅನ್ನಿಸಿದಾಗ ಬರೆಯಿರಿ.

ಇಲ್ಲಿ ಕೋಚ್ ದಿನಾ ಡಬ್ಬ ಬಂತಾ ಅಂತ ಕೇಳುತ್ತಾರೆ. ನಿಮ್ಮ ಬಗ್ಗೆ ಕೇಳುವುದಿಲ್ಲ, ಡಬ್ಬದ ಬಗ್ಗೆ ಕೇಳುತ್ತಾರೆ. ಇಲ್ಲಿನವರು ಹಾಗೇ. ಇನ್ನೂ ಬಂದಿಲ್ಲ ಅಂದರೆ "ಹೌದಾ" ಅಂತ ಕ್ಯಾಪ್ ಸರಿ ಮಾಡಿಕೊಳ್ಳುತ್ತಾರೆ.

ನಮಗೆ ಒಂದು ಹೊಸ ತಲೆನೋವು. ಅಭ್ಯಾಸದಲ್ಲಿ ಕೂಗಬಾರದು ಅಂತ ಆರೋಗ್ಯ ವಿಭಾಗದ ಆದೇಶ. ಈ ಆಟ ನಡೆಯುವುದೇ ಕೂಗಿನಿಂದ. ಹಿಂದೆ ನಿಂತ ಟೊಗಾಶಿ ಎಣಿಕೆ ಕೂಗುತ್ತಾನೆ, ಆ ಕೂಗಿಗೆ ಮುಂದಿನ ಸಾಲಿನ ಐವರೂ ಒಟ್ಟಿಗೆ ನುಗ್ಗಬೇಕು. ಈಗ ಕೂಗಿಲ್ಲ. ಒಬ್ಬ ಮೊದಲು ಹೊರಡುತ್ತಾನೆ, ಒಬ್ಬ ಕೊನೆಗೆ ಹೊರಡುತ್ತಾನೆ, ಹಯಾಸಾಕಾ ಹೊರಡುವುದೇ ಇಲ್ಲ. ಕೋಚ್ ಬಾವುಟ ತೋರಿಸಿ ನೋಡಿದರು. ಬಾವುಟ ನೋಡುತ್ತಾ ನಿಂತರೆ ಎದುರಿನವನು ಬಂದು ಗುಮ್ಮುತ್ತಾನೆ. ಹೀಗೇ ಆದರೆ ಸೆಪ್ಟೆಂಬರಿಗೆ ಅರ್ಧ ಜನ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಕೂತಿರುತ್ತಾರೆ.

ಊಟ ಬಿಡಬೇಡಿ.

ಸಿಂಧೂ

ಕರಿಯಾ
ಜುಲೈ 1, 2021

ಮಗಳೇ,

ಡಬ್ಬ ತೊಳೆದು ಮೇಜಿನ ಮೇಲೆ ಇಟ್ಟಿದ್ದೆ. ಇಷ್ಟು ದಿನ ಅದರ ಎದುರೇ ಊಟ ಮಾಡಿದೆ. ಏನು ತುಂಬಬೇಕು ಅಂತ ತಿಳಿಯಲಿಲ್ಲ.

ಮೇಷ್ಟ್ರು ನನಗೆ ಅಪ್ಪನ ಜಾಗದಲ್ಲಿ ಇದ್ದವರು. ಮಣ್ಣು ಕೊಡಲು ನನಗೆ ಹೋಗಲಾಗಲಿಲ್ಲ. ದುಃಖ ಆಗಿದೆ, ತುಂಬಾ ಆಗಿದೆ. ಇದಕ್ಕಿಂತ ಹೆಚ್ಚು ಬರೆಯಲು ಬರುವುದಿಲ್ಲ.

ನಿನ್ನ ತಲೆನೋವು ಓದಿದ ಮೇಲೆ ಮಾತ್ರ ಅವರೇ ಬಂದು ಪಕ್ಕದಲ್ಲಿ ಕೂತಂತಾಯಿತು. ಕೇಳು. ಕಬಡ್ಡಿಯಲ್ಲಿ ಎದುರಿನವನು ದಾಳಿಗೆ ಬಂದಾಗ ನಾವು ಕೈ ಕೈ ಹಿಡಿದು ಸರಪಳಿ ಕಟ್ಟುತ್ತೇವೆ. ಅವನ ಮೇಲೆ ಬೀಳುವಾಗ ಬಾಯಿ ಬಿಟ್ಟರೆ ಅವನಿಗೇ ಮೊದಲು ಗೊತ್ತಾಗುತ್ತದೆ. ಮೇಷ್ಟ್ರು ಹೇಳುತ್ತಿದ್ದರು: "ಬಾಯಿ ಎದುರಾಳಿಗೆ ಕೇಳುತ್ತೆ ಕಣ್ರೋ, ಕೈ ನಮ್ಮೋನಿಗೆ ಮಾತ್ರ." ಅಂಗೈ ಒಂದು ಸಲ ಅದುಮಿದರೆ ತಡಿ. ಎರಡು ಸಲ ಅದುಮಿದರೆ ಬೀಳು. ಸುದ್ದಿ ಈ ತುದಿಯಿಂದ ಆ ತುದಿಗೆ ಹೋಗುವುದು ಯಾರಿಗೂ ಕಾಣುವುದಿಲ್ಲ. ಕಣ್ಣು ಎದುರಿನವನ ಮೇಲೆಯೇ ಇರುತ್ತದೆ. ನಿನ್ನ ಐದು ಜನಕ್ಕೂ ಕೈ ಹಿಡಿಸು. ನಡುವಿನವನು ಚೆಂಡಿಗೆ ಬಗ್ಗಿರುತ್ತಾನಲ್ಲ, ಅವನಿಗೆ ಪಕ್ಕದವನು ತೊಡೆ ತಟ್ಟಿದರಾಯಿತು.

ಶುರುವಿಗೆ ನಗುತ್ತಾರೆ. ನಾವೂ ನಕ್ಕಿದ್ದೆವು. ಒಂದು ತಿಂಗಳು ಬಿಡದೆ ಮಾಡಿಸು.

ಡಬ್ಬದಲ್ಲಿ ಒಗ್ಗರಣೆ ಅವಲಕ್ಕಿ ಇದೆ. ಮೇಷ್ಟ್ರಿಗೆ ಪ್ರಾಣ ಅದು. ಆಟ ಮುಗಿದ ಮೇಲೆ ಅವರ ಮನೆ ಜಗಲಿಯಲ್ಲಿ ನಮಗೆಲ್ಲಾ ಅದೇ.

ಅಪ್ಪ

ಸಗಮಿಹಾರಾ
ಆಗಸ್ಟ್ 22, 2021

ಅಪ್ಪನಿಗೆ ನಮಸ್ಕಾರ.

ಅವಲಕ್ಕಿ ತಿನ್ನುವ ಮುಂಚೆ ಕೋಚ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಯಾರ ನೆನಪಿಗೆ ಬಂದದ್ದು ಇದು ಅಂತ ನನ್ನ ಕೈಯಲ್ಲಿ ಹೇಳಿಸಿದರು. ಹದಿಮೂರು ಹೆಲ್ಮೆಟ್ಟುಗಳನ್ನು ತೆಗೆದು ಕೆಳಗಿಟ್ಟು ತಲೆ ಬಗ್ಗಿಸಿದರು. ಮೈಸೂರಿನ ಮೇಷ್ಟ್ರಿಗೆ ಸಗಮಿಹಾರಾದಲ್ಲಿ ನಮಸ್ಕಾರ ಸಂದಿತು. ನಾನು ಅತ್ತೆ. ಅವಲಕ್ಕಿ ಖಾರ ಇತ್ತು ಅಂತ ಹುಡುಗರಿಗೆ ಹೇಳಿದೆ.

ಸರಪಳಿ ವಿಷಯ ಕೇಳಿ. ಮೊದಲ ವಾರ ಐದು ಜನ ದೈತ್ಯರು ಕೈ ಕೈ ಹಿಡಿದು ಶಿಶುವಿಹಾರದ ಮಕ್ಕಳಂತೆ ನಿಂತರು. ಟೆನಿಸ್ಸಿನವರು ಬೇಲಿ ಹತ್ತಿರ ಬಂದು ಫೋಟೋ ತೆಗೆದರು. ಎರಡನೇ ವಾರ ಆರೋಗ್ಯ ವಿಭಾಗದ ಮೇಡಂ ಬಂದರು. ಅವರ ನಿಯಮದಲ್ಲಿ ಗುದ್ದಬಹುದು, ಕೆಡವಬಹುದು, ಮೇಲೆ ಬಿದ್ದು ಒದ್ದಾಡಬಹುದು, ಅದು ಆಟ. ಕೈ ಕುಲುಕುವಂತಿಲ್ಲ! "ಇದೇನು ಮಿಯಾಗಾವಾ ಸಾನ್, ಇವರು ಕೈ ಹಿಡಿದುಕೊಂಡಿದ್ದಾರೆ?" ಕೋಚ್ ತಲೆ ಬಗ್ಗಿಸಿ, "ಸುಮಿಮಾಸೆನ್, ಕ್ಷಮಿಸಿ, ಇದು ಕೈ ಕುಲುಕುವುದಲ್ಲ. ಇಂಡಿಕೇಟರ್" ಅಂದರು. ಮೇಡಂ ತುಂಬಾ ಹೊತ್ತು ನೋಡಿ, ಗ್ಲೌಸ್ ಹಾಕಿಸಿ ಅಂತ ಹೇಳಿ ಹೋದರು.

ಈಗ ಐವರೂ ಒಂದೇ ಬಾಗಿಲು ತೆಗೆದಂತೆ ಹೊರಡುತ್ತಾರೆ. ಸದ್ದೇ ಇಲ್ಲ. ಹಯಾಸಾಕಾ ಕೂಡ!

ಮತ್ತೆ ಎಮರ್ಜೆನ್ಸಿ ಘೋಷಿಸಿದ್ದಾರೆ, ಆದರೂ ಪಂದ್ಯಗಳು ಪ್ರೇಕ್ಷಕರಿಲ್ಲದೆ ನಡೆಯುತ್ತವಂತೆ. ನೀವು ಹೇಗೂ ಬರುತ್ತಿರಲಿಲ್ಲ ಬಿಡಿ. ಡಬ್ಬದಲ್ಲಿ ಕೋಚ್ ಮನೆಯವರು ಮಾಡಿದ ಬೀನ್ಸ್ ಸಿಹಿ ಇದೆ. ಸಿಹಿ ಜಾಸ್ತಿ ಅಂತ ಕಾಗದದಲ್ಲಿ ಬರೆಯಬೇಡಿ, ನಾನು ಅನುವಾದ ಮಾಡಬೇಕಾಗುತ್ತದೆ.

ಸಿಂಧೂರಾ

ಸಗಮಿಹಾರಾ
ಅಕ್ಟೋಬರ್ 17, 2021

ಅಪ್ಪನಿಗೆ ನಮಸ್ಕಾರ.

ಮೊದಲ ಪಂದ್ಯ ಸೋತೆವು, ಮುಗಿಸಿದೆವು. ಎರಡನೆಯದನ್ನೂ ಸೋತೆವು, ಅದನ್ನೂ ಮುಗಿಸಿದೆವು. "ಎಲ್ಲರೂ ಮನೆಗೆ ನಡೆದುಕೊಂಡು ಹೋಗುತ್ತಿದ್ದೀರಿ, ಅದು ಮುಖ್ಯ" ಅಂದರು ಕೋಚ್.

ಇವತ್ತು ಕೆಟ್ಟ ಸುದ್ದಿ ಬಂದಿದೆ. ಆಟದ ಜೀವವಾಗಿದ್ದ ಟೊಗಾಶಿಗೆ ಸೋಂಕು ತಗಲಿದೆ. ಹುಷಾರಾಗಿದ್ದಾನೆ, ಆದರೆ 31ರ ಕೊನೆಯ ಪಂದ್ಯಕ್ಕೆ ಯೂನಿವರ್ಸಿಟಿಯವರು ಬಿಡುವುದಿಲ್ಲ. ಉಳಿದವರು ಹನ್ನೆರಡು. ಹನ್ನೊಂದಕ್ಕಿಂತ ಒಬ್ಬ ಕಡಿಮೆಯಾದರೂ ನಮ್ಮ ಲೀಗಿನಲ್ಲಿ ಪಂದ್ಯ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಕ್ಲಬ್ ಇಲ್ಲ, ನಾನು ಪೆಟ್ಟಿಗೆ ಕಟ್ಟಿಕೊಂಡು ಕರಿಯಾಕ್ಕೆ ಬರಬೇಕು. ಟೊಗಾಶಿ ಜಾಗದಲ್ಲಿ ಓನೊ ಅಂತ ಮೊದಲ ವರ್ಷದ ಹುಡುಗ. ಅವನ ದನಿ ಲೈಬ್ರರಿಗೆ ಹೇಳಿ ಮಾಡಿಸಿದ್ದು, ಪಕ್ಕದವನಿಗೂ ಕೇಳುವುದಿಲ್ಲ. ಆದರೆ ನಮಗೆ ಕೂಗು ಬೇಡವಲ್ಲ ಅಪ್ಪಾ. ಸರಪಳಿ ಇದೆ.

ಇನ್ನು ಕೋಚ್ ಹೇಳಿ ಬರೆಸಿದ ಮಾತು, ಹಾಗೇ ಕನ್ನಡಕ್ಕೆ ಇಳಿಸುತ್ತೇನೆ: "ಭೀಮಸೇನ ಸಾನ್, ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಆದ್ದರಿಂದ ನಿಮ್ಮನ್ನು ಸ್ಟಾಫ್ ಅಂತ ನೋಂದಾಯಿಸಿದ್ದೇನೆ. ಸರಪಳಿ ಕಲಿಸಿದವರು ಒಮ್ಮೆಯಾದರೂ ಅದನ್ನು ನೋಡಬೇಕು. ಪರೀಕ್ಷೆ ಮಾಡಿಸಿಕೊಂಡು ರಿಪೋರ್ಟ್ ತನ್ನಿ. ಡಬ್ಬವನ್ನು ಈ ಸಲ ಕೈಯಲ್ಲೇ ತನ್ನಿ."

ನಾನು ಕೇಳಿಸಿದ್ದಲ್ಲ, ಆಣೆ. ಬರುವುದು ಬಿಡುವುದು ನಿಮಗೆ ಬಿಟ್ಟದ್ದು.

ಬನ್ನಿ ಅಪ್ಪಾ.

ಸಿಂಧೂ

ಕರಿಯಾ
ಅಕ್ಟೋಬರ್ 21, 2021

ಸಿಂಧೂ,

ರಜೆ ಹಾಕಿದೆ. ಟಿಕೆಟ್ ತೆಗೆದೆ. ಡಬ್ಬಕ್ಕೆ ಕೋಡುಬಳೆ, ಈ ಸಲ ಮೆತ್ತಗೆ ಬಂದಿದೆ. ಸಲಹೆಗಾರರಿಗೆ ಕೂರಲು ಕುರ್ಚಿ ಕೊಡುತ್ತಾರಾ, ನಿಂತೇ ಇರಬೇಕಾ?

ಅಪ್ಪ

ಶಿನ್‌ಕಾನ್ಸೆನ್ ರೈಲಿನಿಂದ
ಅಕ್ಟೋಬರ್ 31, 2021

ಮಗಳೇ ಸಿಂಧೂ,

ರೈಲು ಈಗಷ್ಟೇ ಯೊಕೊಹಾಮಾ ಬಿಟ್ಟಿತು. ಸ್ಟೇಷನ್ನಿನಲ್ಲಿ ನಿನ್ನ ಎದುರು ರೈಲಿನ ಟೈಮು, ಸೀಟ್ ನಂಬರು ಅಂತಲೇ ಮಾತಾಡಿ ಮುಗಿಸಿದೆ. ಆದ್ದರಿಂದ ಈಗಲೇ ಬರೆದುಬಿಡುತ್ತೇನೆ.

ಮೊದಲು ನಿನ್ನ ಮೇಲೊಂದು ದೂರು. ಕುರ್ಚಿ ಕೊಡುತ್ತಾರಾ ಅಂತ ಕೇಳಿದ್ದೆ, ನೀನು ಉತ್ತರ ಬರೆಯಲಿಲ್ಲ. ಬೆಳಿಗ್ಗೆ ಕೋಚ್ ನನಗೆ ಹಳದಿ ಅಂಗಿ ತೊಡಿಸಿ, ಎರಡೂ ಕೈಯಿಂದ ಡಬ್ಬ ತೆಗೆದುಕೊಂಡು ತಲೆ ಬಗ್ಗಿಸಿದರು. ನಾನೂ ಬಗ್ಗಿಸಿದೆ. ಅವರು ಮತ್ತೆ ಬಗ್ಗಿಸಿದರು. ಆಮೇಲೆ ಹೇಳಿದರು, "ನಮ್ಮ ಟೀಮಿನಲ್ಲಿ ಬರಿಗೈಯಲ್ಲಿ ನಿಲ್ಲುವವರು ಇಲ್ಲ." ಹನ್ನೆರಡು ಬಾಟಲಿಗಳಿದ್ದ ಎರಡು ಬುಟ್ಟಿಗಳನ್ನು ನನ್ನ ಕೈಗೆ ಕೊಟ್ಟರು. ನೀನು ಆ ಕಡೆ ತಿರುಗಿ ಯಾವುದೋ ಕಾಗದ ನೋಡುತ್ತಿದ್ದೆ. ನಿನ್ನ ಹೆಗಲು ಕುಲುಕುತ್ತಿತ್ತು, ನನಗೆ ಕಾಣಲಿಲ್ಲ ಅಂದುಕೊಳ್ಳಬೇಡ.

ಪ್ರತಿ ಬಾಟಲಿಗೂ ಆಟಗಾರನ ಅಂಗಿಯ ನಂಬರು. ಒಬ್ಬನದು ಇನ್ನೊಬ್ಬನಿಗೆ ಹೋಗಬಾರದು. ಆಟ ನಿಂತ ಕೂಡಲೇ ಓಡಬೇಕು, ಹನ್ನೊಂದು ಜನಕ್ಕೆ ಕೊಡಬೇಕು, ಮತ್ತೆ ಎಲ್ಲಾ ಎತ್ತಿಕೊಂಡು ಸೀಟಿ ಊದುವುದರೊಳಗೆ ಗೆರೆಯ ಆಚೆ ಬರಬೇಕು. ಮೊದಲ ಸಲ ಒಂದು ಬುಟ್ಟಿಯನ್ನು ಮೈದಾನದಲ್ಲೇ ಬಿಟ್ಟು ಬಂದೆ, ರೆಫರಿ ಎತ್ತಿ ತಂದುಕೊಟ್ಟರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ.

ಆಮೇಲೆ ನಕಾದಾ ಅನ್ನುವ ಹುಡುಗನ ಕಾಲು ಉಳುಕಿತು. ಅರ್ಧ ಆಟಕ್ಕೇ ನಾವು ಹನ್ನೊಂದು. ಎದುರಿನವರು ಏಳು ಅಂಕ, ನಮ್ಮದು ಸೊನ್ನೆ. ಅವರ ಕಡೆ ಐವತ್ತು ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದಾರೆ, ನಮ್ಮ ಬೆಂಚಿನ ಮೇಲೆ ನಕಾದಾನ ಒಂದು ಕಾಲು ಮತ್ತು ಐಸು. ಇನ್ನೊಬ್ಬ ಬಿದ್ದರೆ ಮುಗಿಯಿತು. ನೀನು ಕೋಚ್ ಪಕ್ಕದಲ್ಲಿ ನಿಂತು ಬೆರಳಿನಲ್ಲಿ ಆಟ ತೋರಿಸುತ್ತಿದ್ದೆ. ಆ ಹಿರಿಯ ಮನುಷ್ಯ ಪ್ರತಿ ಸಲ ನಿನ್ನ ಮುಖ ನೋಡಿ, ತಲೆಯಾಡಿಸಿ, ಅದನ್ನೇ ಆಡಿಸುತ್ತಿದ್ದರು. ನಾನು ಬುಟ್ಟಿ ಹಿಡಿದುಕೊಂಡೇ ಅದನ್ನು ನೋಡಿದೆ. ಎಷ್ಟು ಹೆಮ್ಮೆ ಆಯಿತು ಅಂತ ಬರೆಯಲು ಈ ಪೆನ್ನಿಗೆ ಶಕ್ತಿ ಸಾಲದು.

ಮೂರನೇ ಭಾಗ ಮುಗಿದು ಬಾಟಲಿ ಎತ್ತಿಕೊಳ್ಳುತ್ತಿದ್ದೆ. ಐವತ್ತೆರಡನೇ ನಂಬರಿನದು, ನಿನ್ನ ಹಯಾಸಾಕಾನದು, ಕೈಗೆ ಭಾರವಾಗಿ ಬಂತು. ಉಳಿದವೆಲ್ಲಾ ಹಗುರ, ಅದೊಂದೇ ತುಂಬಿತ್ತು. ನಿನ್ನ ಏಪ್ರಿಲ್ ಕಾಗದ ನೆನಪಾಯಿತು. ನಿನ್ನ ಕಡೆ ನೋಡಿದೆ, ನೀನು ಆಟದಲ್ಲಿ ಮುಳುಗಿದ್ದೆ. ಮುಂದಿನ ಟೈಮ್‌ಔಟಿಗೆ ನೆಟ್ಟಗೆ ಆ ಆನೆ ಹತ್ತಿರ ಓಡಿದೆ. "ದೈಜೋಬು, ದೈಜೋಬು" ಅಂತ ಬೇಡ ಅಂದ. ನನಗೆ ಜಪಾನೀಸ್ ಎಲ್ಲಾ ಮರೆತುಹೋಯಿತು. "ಕುಡಿಯೋ ಮಾರಾಯ! ನೀನು ಬಿದ್ರೆ ನನ್ನ ಮಗಳು ಪೆಟ್ಟಿಗೆ ಕಟ್ಬೇಕು ಕಣೋ!" ಅಂತ ಗದರಿದೆ. ಏನು ಅರ್ಥವಾಯಿತೋ, ಹುಡುಗ ಕಣ್ಣು ಕಣ್ಣು ಬಿಟ್ಟುಕೊಂಡು ಬಾಟಲಿ ಪೂರ್ತಿ ಗಟಗಟ ಕುಡಿದ. ಅದರ ಮುಂದಿನ ಸಲವೂ ಕುಡಿಸಿದೆ.

ಕೊನೆಯ ಹೊತ್ತಿಗೆ ಅವನು ಮೀನಖಂಡ ಹಿಡಿದುಕೊಂಡು ಕೂತೇಬಿಟ್ಟನಲ್ಲ, ಆಗ ನೀನು ಅರಚಿದೆಯಲ್ಲ, "ಅಪ್ಪಾ, ಐವತ್ತೆರಡು!" ಅಂತ. ನಮ್ಮ ಕಡೆಯಿಂದ ಇವತ್ತು ಎದ್ದ ಒಂದೇ ಕೂಗು, ಅದೂ ಕನ್ನಡದಲ್ಲಿ. ಓಡಿದೆ. ಕಾಲು ನೀವಿ ಮತ್ತೆ ನೀರು ಕೊಟ್ಟೆ. ರೆಫರಿ ಗಡಿಯಾರ ನೋಡುತ್ತಿದ್ದರು. ಹುಡುಗ ಎದ್ದ. ಆಚೆ ಹೋಗದೆ ಎದ್ದು ಸಾಲಿಗೆ ನಿಂತ.

ಆಮೇಲೆ ನಾನು ನೋಡಲು ಬಂದದ್ದನ್ನು ನೋಡಿದೆ. ಐದು ಗ್ಲೌಸಿನ ಕೈಗಳು. ಒಂದು ಸಲ ಅದುಮು, ತಡಿ. ಎದುರಿನವರು ಕೂಗಿಗೆ ಕಾಯುತ್ತಿದ್ದಾರೆ, ಕೂಗೇ ಇಲ್ಲ, ತಾಳಲಾರದೆ ಅವರೇ ಮುಂಚೆ ನುಗ್ಗಿದರು. ದಂಡ, ನಮಗೆ ಐದು ಯಾರ್ಡ್ ಬಿಟ್ಟಿ. ಮತ್ತೆ ಹಾಗೇ, ಮತ್ತೆ ಐದು. ಮೂರನೇ ಸಲ ಅವರು ಹೆದರಿ ಕಲ್ಲಾಗಿ ನಿಂತರು, ಆಗ ಎರಡು ಸಲ ಅದುಮು. ಆ ಲೈಬ್ರರಿ ಹುಡುಗ ಚೆಂಡು ಅವುಚಿಕೊಂಡು ಗೆರೆ ದಾಟಿಬಿಟ್ಟ. ಆಮೇಲೆ ಒದ್ದರು ನೋಡು, ಹಬ್ಬಕ್ಕೊಮ್ಮೆ ಒದೆಯುವ ಒದೆ! ನಮಗೂ ಏಳು, ಅವರಿಗೂ ಏಳು. ಮೇಷ್ಟ್ರು ಇದ್ದಿದ್ದರೆ ತೊಡೆ ತಟ್ಟುತ್ತಿದ್ದರು. ಅವರ ಪರವಾಗಿ ನಾನು ತಟ್ಟಿದೆ.

ಸಮವಾದರೂ ಹುಡುಗರು ಅಳುತ್ತಿದ್ದರು. ಗೆಲ್ಲಲಿಲ್ಲ ಅಂತ ಅಳುತ್ತಿದ್ದಾರೇನೋ ಅಂದುಕೊಂಡೆ. ಕೋಚ್ ಹೇಳಿದರು, "ಡ್ರೈವಿಂಗ್ ಪರೀಕ್ಷೆಯಲ್ಲಿ ಗೆಲ್ಲುವುದು ಅಂತ ಇಲ್ಲ ಭೀಮಸೇನ ಸಾನ್. ಪಾಸಾಗುವುದು ಅಷ್ಟೇ. ಇವರು ಪಾಸು." ಒಪ್ಪಂದದ ಪ್ರಕಾರ ನಾನು ಇನ್ನು ಬಾಯಿ ಬಿಡುವುದಿಲ್ಲ. ಮುಂದಿನ ವರ್ಷಕ್ಕೆ ಜನ ಸೇರಿಸಿಕೊಳ್ಳಿ, ಕನಿಷ್ಠ ಇಪ್ಪತ್ತು.

ಈಗ ಡಬ್ಬ ತೆರೆದು ನೋಡಿದೆ. ಹೊರಡುವಾಗ ಕೋಚ್ ಕೈಗೆ ಕೊಟ್ಟಾಗ ಹಗುರವಾಗಿತ್ತು, ಕೊನೆಗೂ ಮನುಷ್ಯ ಸೋತ ಅಂದುಕೊಂಡಿದ್ದೆ. ಒಳಗೆ ಆ ಹಳದಿ ಅಂಗಿಯನ್ನು ಮಡಿಸಿ ಇಟ್ಟಿದ್ದಾರೆ. ಜೊತೆಗೆ ಚೀಟಿ: "ಮುಂದಿನ ಸೀಸನ್ನಿಗೆ." ಖಾಲಿ ಕಳಿಸಲಿಲ್ಲ ನೋಡು.

ಅಮ್ಮನಿಗೆ ಟಿಕೆಟ್ ಸಿಕ್ಕಿದೆ, ಮುಂದಿನ ತಿಂಗಳು ಬರುತ್ತಾಳೆ. ಅವಳ ಶಾಸನ ಅಲ್ಲಿಗೆ ಮುಗಿಯುತ್ತದೆ, ಫೋನ್ ಮಾಡಬಹುದು. ಆದರೂ ಕಾಗದ ನಿಲ್ಲಿಸಬೇಡ, ನನಗೆ ಅಭ್ಯಾಸವಾಗಿದೆ. ಬಂದವಳೇ ಕೇಳುತ್ತಾಳೆ, ಈ ವಯಸ್ಸಿನಲ್ಲಿ ಹಳದಿ ಅಂಗಿ ಹಾಕಿಕೊಂಡು ಅಷ್ಟು ದೂರ ಹೋಗಿ ಏನು ಮಾಡಿ ಬಂದ್ರಿ ಅಂತ.

ಹುಡುಗರಿಗೆ ನೀರು ಹೊತ್ತು ಬಂದೆ ಅಂತ ಹೇಳುತ್ತೇನೆ.

ನಿನ್ನ
ಅಪ್ಪ